‘ಸರಿಮಾಡು’ ಎನ್ನುವ ಸೀನಿಯರ್ ಹತ್ತಿರ ಕಲಿಯುವುದು ಹೇಗೆ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಮೈಸೂರಿನಲ್ಲಿ ಮನಶ್ಶಾಸ್ತ್ರ ಎಂ.ಎಸ್ಸಿ. ಮುಗಿಸಿ, ಒಂದು ವರ್ಷದಿಂದ ಕೊಡಗಿನಲ್ಲಿ ಕೌನ್ಸೆಲರ್ ಆಗಿದ್ದೇನೆ. ಈಚೆಗೆ 22 ವರ್ಷದ ಒಬ್ಬ ಹುಡುಗ ಬರುತ್ತಿದ್ದಾನೆ. ಅವನಿಗೆ ಹುಡುಗರ ಮೇಲೆ ಪ್ರೀತಿ. ‘ನನ್ನನ್ನು ಬದಲಾಯಿಸಿ’ ಅಂತ ಅವನೇ ಅಳುತ್ತಾನೆ. ನನ್ನ ಸೂಪರ್‌ವಿಷನ್ (ಕೇಸ್‌ಗಳ ಬಗ್ಗೆ ಮಾರ್ಗದರ್ಶನ) ನೋಡಿಕೊಳ್ಳುವ ಸೀನಿಯರ್‌ಗೆ ಹೇಳಿದೆ. ‘ಅವನಿಗೇ ಬೇಡವಾಗಿದೆಯಲ್ಲ, ಸರಿಮಾಡು, ಮನೆಯವರನ್ನೂ ಕರೆಸು’ ಎಂದರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ವಿಷಯ. ನಾನೂ ಹುಡುಗಿಯರನ್ನೇ ಇಷ್ಟಪಡುವವಳು. ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮಂಥವರನ್ನು ಮನಸಾರೆ ಒಪ್ಪುವ ಸೂಪರ್‌ವೈಸರ್‌ನ ಕೊಡಗಿನಲ್ಲಿ ಕೂತು ಹುಡುಕುವುದು ಹೇಗೆ?
– ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ಮೊದಲು, ಮನೆಯವರನ್ನು ಕರೆಸಬೇಡಿ. ಜೀವಕ್ಕೆ ಅಪಾಯ ಇದ್ದಾಗಿನ ಮಾತು ಬೇರೆ. ಉಳಿದಂತೆ ಅವನು ಒಪ್ಪದೆ ಅವನ ಮಾತು ನಿಮ್ಮ ಕೋಣೆಯಿಂದ ಆಚೆ ಹೋಗಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ಗುಟ್ಟಿನ ಹಕ್ಕನ್ನು ಕೊಟ್ಟಿದೆ. ಲೈಂಗಿಕ ಒಲವಿನ ಕಾರಣಕ್ಕೆ ಆರೈಕೆಯಲ್ಲಿ ಭೇದ ಮಾಡಬಾರದು ಎಂದೂ ಅದರಲ್ಲೇ ಇದೆ. ಸೀನಿಯರ್ ಮತ್ತೆ ಕೇಳಿದರೆ ‘ಕ್ಲೈಂಟ್ ಒಪ್ಪಿಲ್ಲ, ಫೈಲಿನಲ್ಲಿ ಬರೆದಿದ್ದೇನೆ’ ಎಂದಷ್ಟೇ ಹೇಳಿ. ಜಗಳ ಬೇಡ.

ನಿಮ್ಮ ಪತ್ರ ಓದಿ ನನಗೆ 1998 ನೆನಪಾಯಿತು. ನನ್ನ ತವರು ಸೋಮವಾರಪೇಟೆ ಕಡೆ. ಆಗ ಮೈಸೂರಿನಲ್ಲಿ ಮೊದಲ ಕೆಲಸ, ನಿಮ್ಮದೇ ವಯಸ್ಸು. ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗ ಬಂದಿದ್ದ. ಇದೇ ಮಾತು, ಇದೇ ಅಳು. ನನಗೆ ಕೆಲಸ ಹೇಳಿಕೊಡುತ್ತಿದ್ದವರು ‘ಬೇಗ ಮದುವೆ ಮಾಡಿಸಲು ಹೇಳು’ ಎಂದರು. ನಾನು ಅದನ್ನೇ ಬರೆದುಕೊಂಡೆ. ಎರಡನೇ ಸಲ ಬಂದಾಗ ಅವನು ಫೈಲನ್ನೇ ನೋಡುತ್ತಾ ಕೇಳಿದ: ‘ಮೇಡಂ, ಇದನ್ನ ಅಪ್ಪನಿಗೆ ತೋರಿಸ್ತೀರಾ?’ ಇಲ್ಲ ಅಂತ ನಾನು ತಕ್ಷಣ ಹೇಳಲಿಲ್ಲ. ‘ಸರ್ ಹತ್ತಿರ ಕೇಳಿ ಹೇಳ್ತೀನಿ’ ಎಂದೆ. ಮುಂದಿನ ಮಂಗಳವಾರ ಅವನು ಬರಲಿಲ್ಲ. ಮತ್ತೆ ಬರಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ಎಂಟು ವರ್ಷ ಕಳೆದಿದ್ದರೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರೊಬ್ಬರು ನನ್ನ ಪಕ್ಕದಲ್ಲಿದ್ದಿದ್ದರೆ ಅವನು ಮೂರನೇ ಸಲವೂ ಬರುತ್ತಿದ್ದ ಅಂತ ಈಗಲೂ ಅನ್ನಿಸುತ್ತದೆ. ಅದಕ್ಕೇ ನಿಮ್ಮ ಹುಡುಕಾಟ ನನಗೆ ಅಷ್ಟು ಮುಖ್ಯ.

‘ಅವನಿಗೇ ಬೇಡವಲ್ಲ’ ಎನ್ನುವ ವಾದ ಹಳೆಯದು. ಕಾಯಿಲೆಗಳ ಆ ಪಟ್ಟಿಯ ಹತ್ತನೇ ಆವೃತ್ತಿಯಾದ ಐಸಿಡಿ-10ರಲ್ಲಿ, ತನ್ನ ಒಲವು ತನಗೇ ಬೇಡ ಅನ್ನಿಸುವವರಿಗೆ ‘ಈಗೋ ಡಿಸ್ಟಾನಿಕ್’ ಎಂಬ ಹೆಸರೊಂದು ಉಳಿದುಕೊಂಡಿತ್ತು. 2022ರ ಜನವರಿಯಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ ಅದೂ ಇಲ್ಲ. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ, ಒಲವನ್ನು ಬದಲಾಯಿಸಲು ಹೊರಡುವ ಕನ್ವರ್ಷನ್ ಥೆರಪಿಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಹೇಳಿತು. ಹುಡುಗ ‘ಬದಲಾಯಿಸಿ’ ಅಂದಾಗ ಕೇಳಬೇಕಾದ್ದು ಬೇರೆ ಇದೆ. ಹೀಗೆ ಅನ್ನಿಸಿದ್ದು ಯಾವಾಗಿನಿಂದ? ಯಾರ ಮಾತು ಕೇಳಿದ ಮೇಲೆ? ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲ ಮನೆಯಲ್ಲಿ, ಎಲ್ಲರೂ ಸೇರಿದಾಗ ‘ಮದುವೆ ಯಾವಾಗ?’ ಅಂತ ಹತ್ತು ಜನ ಕೇಳಿದರೆ ಆ ರಾತ್ರಿ ಅವನಿಗೆ ನಿದ್ದೆ ಬರುತ್ತದಾ?

ಇನ್ನು ಹುಡುಕುವ ವಿಷಯ. ಮುಂಬೈನ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್, ಕ್ವಿಯರ್ ಅಫರ್ಮೇಟಿವ್ ಕೌನ್ಸೆಲಿಂಗ್ ಪ್ರಾಕ್ಟೀಸ್ ಎಂಬ, ಇಂಥ ಒಲವಿನವರನ್ನು ಒಪ್ಪಿಕೊಂಡು ಕೌನ್ಸೆಲಿಂಗ್ ಮಾಡುವುದನ್ನು ಕಲಿಸುವ ಕೋರ್ಸ್ ನಡೆಸುತ್ತದೆ. ಅದನ್ನು ಮುಗಿಸಿದವರನ್ನು ಕೇಳಿ. ನೀವೂ ಸೇರಬಹುದು, ಅಲ್ಲಿ ಸಿಗುವ ಜೊತೆಗಾರರೇ ಮುಂದೆ ದಾರಿ ತೋರಿಸುತ್ತಾರೆ. ಆದರೆ ಸರ್ಟಿಫಿಕೇಟ್ ಒಂದನ್ನೇ ನಂಬಬೇಡಿ. ಪರಿಚಯದಲ್ಲಿ ಕಾಮನಬಿಲ್ಲಿನ ಬಾವುಟ ಹಾಕಿಕೊಂಡವರೆಲ್ಲ ಈ ಕೆಲಸ ಬಲ್ಲವರಲ್ಲ. ಬೆಂಗಳೂರಿನಲ್ಲಿ 1990ರ ದಶಕದಿಂದಲೇ ಲೈಂಗಿಕ ಅಲ್ಪಸಂಖ್ಯಾತ ಸಮುದಾಯದ ಗುಂಪುಗಳಿವೆ. ‘ಸಂಗಮ’ ಅಂಥದ್ದೊಂದು. ಯಾವ ಥೆರಪಿಸ್ಟ್ ಹತ್ತಿರ ಹೋಗಿ ಬಂದವರಿಗೆ ಸಮಾಧಾನ ಸಿಕ್ಕಿತು ಅಂತ ಸಮುದಾಯದವರನ್ನೇ ವಿಚಾರಿಸಿ. ಅವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಮಾತಾಡಿ. ನೇರವಾಗಿ ಕೇಳಿ: ‘ನನ್ನ ಕ್ಲೈಂಟ್ ಬದಲಾಯಿಸಿ ಅಂದರೆ ನನಗೆ ಏನು ಹೇಳ್ತೀರಿ?’ ‘ಅವನ ಅಪ್ಪ ಫೋನ್ ಮಾಡಿದರೆ?’ ‘ಈ ವಿಷಯದಲ್ಲಿ ನೀವು ಯಾವಾಗ ತಪ್ಪಿದ್ದೀರಿ?’ ಕೊನೆಯದಕ್ಕೆ ಉತ್ತರ ಕೊಡಲಾಗದವರ ಹತ್ತಿರ ನಾನಾದರೆ ಹೋಗುವುದಿಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಇಬ್ಬರು ಯುವತಿಯರ ಪ್ರಕರಣ ಬಂತು. ತಮಗೆ ಈ ವಿಷಯ ಸರಿಯಾಗಿ ಗೊತ್ತಿಲ್ಲ ಎಂದು ಅವರು ಒಪ್ಪಿಕೊಂಡರು. ಆದೇಶ ಬರೆಯುವ ಮೊದಲು ತಾವೇ ಒಬ್ಬ ಮನಶ್ಶಾಸ್ತ್ರಜ್ಞೆಯ ಮುಂದೆ ಕೂತು ಕೇಳಿ ತಿಳಿದುಕೊಂಡರು. ಹೈಕೋರ್ಟ್ ನ್ಯಾಯಮೂರ್ತಿಗೆ ಆದದ್ದು ನಮ್ಮ ಸೀನಿಯರ್‌ಗಳಿಗೆ ಯಾಕೆ ಆಗಬಾರದು?

ನಿಮ್ಮ ಸೂಪರ್‌ವೈಸರ್ ಜಿಲ್ಲೆಯ ಹೊರಗಿನವರಾಗಿರಲಿ. ನಮ್ಮಲ್ಲಿ ಮನೆ ಹೆಸರು ಹೇಳಿದರೆ ಸಾಕು, ಮೂರು ತಲೆಮಾರು ಗೊತ್ತಾಗಿಬಿಡುತ್ತದೆ. ಹೆಸರು ಮುಚ್ಚಿಟ್ಟು ‘ನಾಪೋಕ್ಲು ಕಡೆಯವನು, ಅಪ್ಪ ಮಿಲಿಟರಿಯಲ್ಲಿದ್ದರು, ತಂಗಿ ಹಾಕಿ ಆಡುತ್ತಾಳೆ’ ಅಂದರೂ ಗುಟ್ಟು ಉಳಿಯುವುದಿಲ್ಲ. ಕೇಸ್ ಹೇಳುವಾಗ ಊರು, ಅಪ್ಪನ ಕೆಲಸ, ತೋಟದ ವಿವರ ಎಲ್ಲ ಬಿಟ್ಟುಬಿಡಿ.

ಆದರೆ ಹೊರಗಿನವರಿಗೆ ಕೊಡಗು ಗೊತ್ತಿರುವುದಿಲ್ಲ, ಅಲ್ವಾ? ಅದನ್ನು ನೀವು ಹೇಳಿಕೊಡಬೇಕು. ‘ಮನೆಯಲ್ಲಿ ಎಲ್ಲ ಹೇಳಿಬಿಡಲಿ’ ಎಂದು ನಗರದವರು ಸುಲಭವಾಗಿ ಹೇಳಬಹುದು. ಐನ್‌ಮನೆ, ಒಕ್ಕ (ಕುಲ), ಆಸ್ತಿ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಕಡೆ ಅದರ ಬೆಲೆ ಬೇರೆ. ಇನ್ನೂ ಮುಖ್ಯವಾದದ್ದು ಕೋವಿ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಸಾಯುವ ಮಾತು ಬಂದಾಗ ಕೋವಿ ಎಲ್ಲಿದೆ, ತೋಟದ ಔಷಧಿ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಅಂತ ಕೇಳಲೇಬೇಕು. ಬೇರೆ ಊರಿನ ಸೂಪರ್‌ವೈಸರ್‌ಗೆ ಇದು ಹೊಳೆಯದೇ ಇರಬಹುದು. ಈ ಹುಡುಗನನ್ನೂ ಕೇಳಿ, ತಡಮಾಡಬೇಡಿ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಅವನ ಫೋನಿನಲ್ಲಿರಲಿ. ಕನ್ನಡದಲ್ಲೂ ಮಾತಾಡುತ್ತಾರೆ.

ಹೊಸಬರ ಸಂಬಳಕ್ಕೆ ಒಬ್ಬರೇ ಫೀಸ್ ಕೊಡುವುದು ಕಷ್ಟ. ಮೈಸೂರು, ಹಾಸನ, ಮಂಗಳೂರಿನ ಮೂರ್ನಾಲ್ಕು ಹೊಸ ಕೌನ್ಸೆಲರ್‌ಗಳನ್ನು ಸೇರಿಸಿ ಗ್ರೂಪ್ ಸೂಪರ್‌ವಿಷನ್ ಕೇಳಿ, ಫೀಸ್ ಹಂಚಿಕೊಳ್ಳಿ. ತಿಂಗಳಿಗೆ ಎರಡು ಸಲ ಸಾಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುತ್ತವೆ, ಆಗ ಬದಲಿ ದಿನ ಯಾವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಕೊನೆಗೆ ನಿಮ್ಮ ಮಾತು. ಹೊಸ ಸೂಪರ್‌ವೈಸರ್‌ಗೆ ಮೊದಲ ದಿನವೇ ನಿಮ್ಮ ಬಗ್ಗೆ ಹೇಳಬೇಕಾಗಿಲ್ಲ. ಎಂದೂ ಹೇಳಲೇಬೇಕು ಅಂತಲೂ ಇಲ್ಲ. ಆದರೆ ಆ ಹುಡುಗ ಅಳುವಾಗ ನಿಮ್ಮೊಳಗಿನ ಹೆದರಿಕೆಯೂ ಏಳುತ್ತದೆ. ಅವನದು ಯಾವುದು, ನಿಮ್ಮದು ಯಾವುದು ಅಂತ ಬಿಡಿಸಿ ನೋಡಲು ಒಬ್ಬರು ಬೇಕಾಗುತ್ತದೆ. ನಿಮ್ಮದೇ ಸಮುದಾಯದ ಸೂಪರ್‌ವೈಸರ್ ಬೇಕು ಅನ್ನಿಸಿದರೆ ಸಂಕೋಚವಿಲ್ಲದೆ ಕೇಳಿ, ಅಂಥವರು ಇದ್ದಾರೆ. ಇಷ್ಟು ದಿನ ಇದನ್ನು ಒಬ್ಬರೇ ಹೊತ್ತುಕೊಂಡಿದ್ದೀರಿ. ನನಗೆ ಬರೆದಿರಲ್ಲ, ತುಂಬಾ ಸಂತೋಷವಾಯಿತು.

ಮುಂದಿನ ವಾರ ಹುಡುಗ ಬಂದಾಗ, ‘ನಿನ್ನ ಹೆಸರು ಹೇಳದೆ, ನನಗಿಂತ ತಿಳಿದವರ ಹತ್ತಿರ ಸಲಹೆ ಕೇಳಲಾ?’ ಎಂದು ಅವನನ್ನೇ ಕೇಳಿ. ಅವನು ಹೂಂ ಅಂದರೆ ಮಾತ್ರ ಮುಂದುವರಿಯಿರಿ. ಏನು ಬರೆಯುತ್ತಿದ್ದೀರಿ ಅಂತ ಕೇಳಿದರೆ ಫೈಲನ್ನು ಅವನ ಕಡೆ ತಿರುಗಿಸಿ ತೋರಿಸಿ.