ದಾಖಲೆಗಾಗಿ ಸೆಣಸಿದ ಟ್ರ್ಯಾಕ್ ಸೈಕ್ಲಿಸ್ಟ್‌ಗಳು: ಯಾರ ಕಥೆಯಿಂದ ಶುರು ಮಾಡಬೇಕು?

ಪೈಪೋಟಿಗೆ ಬಿದ್ದು ದಾಖಲೆ ಮುರಿದ ಟ್ರ್ಯಾಕ್ ಸೈಕ್ಲಿಸ್ಟ್‌ಗಳ ಸಾಕ್ಷ್ಯಚಿತ್ರ ನೋಡಬೇಕು, ಯಾರ ಕಥೆಯಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನಾದರೆ ಗ್ರೇಮ್ ಒಬ್ರಿ ಮತ್ತು ಕ್ರಿಸ್ ಬೋರ್ಡ್‌ಮನ್ ಅವರಿಂದಲೇ ಶುರು ಮಾಡುತ್ತೇನೆ. ಒಂದು ಗಂಟೆಯಲ್ಲಿ ಒಬ್ಬ ಎಷ್ಟು ದೂರ ಸೈಕಲ್ ತುಳಿಯಬಲ್ಲ ಎಂಬ 'ಅವರ್ ರೆಕಾರ್ಡ್'ಗಾಗಿ 1990ರ ದಶಕದಲ್ಲಿ ಸೆಣಸಿದ ಬ್ರಿಟನ್ನಿನ ಇಬ್ಬರು ಇವರು.

ಈ ದಾಖಲೆಯನ್ನು ತೆರೆಗೆ ತರುವುದು ಸುಲಭ ಅಲ್ಲ. ಟ್ರ್ಯಾಕ್ ಮೇಲೆ ಇರುವುದು ಒಬ್ಬನೇ. ಎದುರಾಳಿ ಅಲ್ಲಿರುವುದೇ ಇಲ್ಲ. ಗಂಟೆಯಿಡೀ ಅದೇ ಸುತ್ತು. ಆದರೆ 1993ರ ಜುಲೈ ತಿಂಗಳೇ ಒಂದು ಚಿತ್ರಕಥೆಯಂತಿದೆ. ಇಟಲಿಯ ಸೈಕ್ಲಿಸ್ಟ್ ಫ್ರಾನ್ಸೆಸ್ಕೊ ಮೋಸರ್ 1984ರಲ್ಲಿ ಮಾಡಿದ್ದ 51.151 ಕಿ.ಮೀ. ದಾಖಲೆಯನ್ನು ಒಂಬತ್ತು ವರ್ಷ ಯಾರೂ ಮುಟ್ಟಿರಲಿಲ್ಲ. ಒಬ್ರಿ ನಾರ್ವೆಯ ಹಾಮಾರ್‌ಗೆ ಹೋದರು. ಮೊದಲ ಯತ್ನದಲ್ಲಿ ಸೋತರು. ಅಷ್ಟು ದಣಿದ ಮೈ ಚೇತರಿಸಿಕೊಳ್ಳಲು ದಿನಗಳೇ ಬೇಕು, ಅಲ್ವಾ? ಅವರು ರಾತ್ರಿ ಆಗಾಗ ಎಚ್ಚರವಾಗಲಿ ಎಂದೇ ಜಾಸ್ತಿ ನೀರು ಕುಡಿದು ಮಲಗಿದರು. ಎದ್ದಾಗಲೆಲ್ಲ ಕಾಲಿನ ಸ್ನಾಯುಗಳನ್ನು ಎಳೆದು ಸಡಿಲ ಮಾಡಿಕೊಂಡರು. ಮರುದಿನ, ಜುಲೈ 17ರಂದು, 51.596 ಕಿ.ಮೀ.! ಆರೇ ದಿನಗಳ ನಂತರ ಬೋರ್ಡ್‌ಮನ್ ಫ್ರಾನ್ಸಿನ ಬೋರ್ಡೊದಲ್ಲಿ 52.270 ಕಿ.ಮೀ. ತುಳಿದರು. ಅವತ್ತು ಪ್ರಸಿದ್ಧ ರಸ್ತೆ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಕೂಡ ಅದೇ ಊರಿಗೆ ಬಂದಿತ್ತು.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಇವರ ಕಥೆ ಹೇಳುವವರಿಗೆ ಒಂದು ಸಿದ್ಧ ಅಚ್ಚು ಇದೆ: ವಾಷಿಂಗ್ ಮಷೀನ್ ಬೇರಿಂಗ್ ಹಾಕಿ ಸೈಕಲ್ ಕಟ್ಟಿದ ಬಡ ಸ್ಕಾಟ್ಲೆಂಡಿನವ ಒಬ್ರಿ ಒಂದು ಕಡೆ, ಲ್ಯಾಬ್‌ನಲ್ಲಿ ತಯಾರಾದ ಇಂಗ್ಲಿಷ್ ಚಾಂಪಿಯನ್ ಬೋರ್ಡ್‌ಮನ್ ಇನ್ನೊಂದು ಕಡೆ. ಇದು ಅರ್ಧ ನಿಜ ಮಾತ್ರ. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಬೋರ್ಡ್‌ಮನ್ ಕೆಲಸವಿಲ್ಲದ ಬಡಗಿ. ಆ ಬೇರಿಂಗ್ ಕೂಡ ಸುಮ್ನೆ ಹಾಕಿದ್ದಲ್ಲ. ಪೆಡಲ್‌ಗಳು ಹತ್ತಿರ ಇರಬೇಕು, ಕೈ ಎದೆಗೆ ಮಡಚಿರಬೇಕು, ಗಾಳಿಗೆ ಮೈ ಕಡಿಮೆ ತಾಗಬೇಕು ಎಂದು ಒಬ್ರಿ ಒಂದೊಂದನ್ನೂ ಯೋಚಿಸಿಯೇ ಮಾಡಿದ್ದರು. ಅವರೂ ವಿಜ್ಞಾನವನ್ನೇ ಮಾಡುತ್ತಿದ್ದರು, ಹಣ ಇರಲಿಲ್ಲ ಅಷ್ಟೆ. ಇದನ್ನು ಮರೆತು ಅವರನ್ನು 'ವಿಚಿತ್ರ ಮನುಷ್ಯ' ಎಂದು ತೋರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

1993ಕ್ಕೇ ಮುಗಿಯುವ ಚಿತ್ರ ಸಿಕ್ಕರೆ ಮುಂದಿನದನ್ನೂ ಹುಡುಕಿ ನೋಡಿ. 1994ರಲ್ಲಿ ಒಬ್ರಿ ಮತ್ತೆ ದಾಖಲೆ ಕಿತ್ತುಕೊಂಡರು. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ, ಒಬ್ರಿ ಕೂರುವ ಭಂಗಿಯನ್ನೇ ನಿಷೇಧಿಸಿತು. ಅವರು ಕೈಗಳನ್ನು ನೇರ ಮುಂದಕ್ಕೆ ಚಾಚುವ 'ಸೂಪರ್‌ಮ್ಯಾನ್' ಭಂಗಿ ಕಂಡುಹಿಡಿದು 1995ರಲ್ಲಿ ವಿಶ್ವ ಚಾಂಪಿಯನ್ ಆದರು. 1996ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 56.375 ಕಿ.ಮೀ. ತುಳಿದಾಗ ಬೋರ್ಡ್‌ಮನ್ ಕೂತಿದ್ದು ಅದೇ ಭಂಗಿಯಲ್ಲಿ! ಆ ದೂರವನ್ನು ದಾಟಲು 2022ರಲ್ಲಿ ಇಟಲಿಯ ಸೈಕ್ಲಿಸ್ಟ್ ಫಿಲಿಪ್ಪೊ ಗಾನ್ನಾ ಬರಬೇಕಾಯಿತು. ನನಗೆ ಈ ಪೈಪೋಟಿಯ ಅಸಲಿ ಘಟ್ಟ ಇದೇ.

'ದಿ ಫ್ಲೈಯಿಂಗ್ ಸ್ಕಾಟ್ಸ್‌ಮನ್' ಒಬ್ರಿ ಬಗ್ಗೆಯೇ ಇದೆ, ಆದರೆ ಅದು ನಟರು ಮಾಡಿದ ಸಿನಿಮಾ, ಸಾಕ್ಷ್ಯಚಿತ್ರ ಅಲ್ಲ. ಅವರ ಖಿನ್ನತೆಯ ಕಥೆಯೂ ಅದರಲ್ಲಿ ಬರುತ್ತದೆ, ಮನಸ್ಸು ಗಟ್ಟಿಯಿದ್ದಾಗ ನೋಡಿ. ಸಾಕ್ಷ್ಯಚಿತ್ರವೇ ಬೇಕು ಅಂದರೆ 'ಬ್ಯಾಟಲ್ ಮೌಂಟನ್' ಇದೆ. ಅದರಲ್ಲಿ ಬೋರ್ಡ್‌ಮನ್ ಜೊತೆಗಿನ ಪೈಪೋಟಿಗಿಂತ ಮುಂದಿನ ಕಥೆ ಜಾಸ್ತಿ. 2013ರಲ್ಲಿ ಒಬ್ರಿ ತಾವೇ ಕಟ್ಟಿದ ಗಾಡಿಯಲ್ಲಿ ಬೋರಲು ಮಲಗಿ, ಅಮೆರಿಕದ ನೆವಾಡಾದಲ್ಲಿ ವೇಗದ ದಾಖಲೆಗೆ ಹೊರಟಿದ್ದನ್ನು ಅದು ಹಿಂಬಾಲಿಸುತ್ತದೆ.