ಹೊಟ್ಟೆಯಲ್ಲಿದ್ದಾಗಿನ ಊಟಕ್ಕೂ ದೊಡ್ಡವರಾದ ಮೇಲಿನ ಸಕ್ಕರೆಗೂ ನಂಟಿದೆಯಾ?

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಮನೆ ಕಾಫಿ ತೋಟದಲ್ಲಿ. ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಅಂತ ಅತ್ತೆ ರಾತ್ರಿ ಊಟ ಕಡಿಮೆ ಮಾಡಿಸಿದ್ದಾರೆ. ನನ್ನ ಗಂಡ ಹುಟ್ಟಿದಾಗ ಎರಡು ಕಿಲೋ ಇದ್ದರಂತೆ. ಈಗ 36ಕ್ಕೇ ಸಕ್ಕರೆ ಕಾಯಿಲೆ. ಎರಡಕ್ಕೂ ಸಂಬಂಧ ಇದೆಯಾ?
- ಓದುಗರು, ಸೋಮವಾರಪೇಟೆ

ಉತ್ತರ: ಇದೆ. ಆದರೆ ನಿಮ್ಮ ಗಂಡನ ಸಕ್ಕರೆಗೆ ಅದೊಂದೇ ಕಾರಣ ಅಂತ ಹೇಳೋಕೆ ಆಗುವುದಿಲ್ಲ. ಮನೆತನ, ಈಗಿನ ತೂಕ, ಓಡಾಟ ಎಲ್ಲವೂ ಸೇರುತ್ತವೆ.

ಊಟ ಸಾಲದಿದ್ದಾಗ ಮಗುವಿನ ದೇಹ ಮೊದಲು ಮೆದುಳನ್ನು ಕಾಪಾಡಿಕೊಳ್ಳುತ್ತದೆ, ಮೂತ್ರಪಿಂಡಕ್ಕೂ, ಸಕ್ಕರೆ ಹತೋಟಿಗೆ ಬೇಕಾದ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಗೂ ಸಿಗಬೇಕಾದ್ದು ಕಡಿಮೆಯಾಗುತ್ತದೆ. ಮೂತ್ರಪಿಂಡದ ಸೋಸುವ ಘಟಕಗಳಂತೂ ಹುಟ್ಟುವ ಹೊತ್ತಿಗೇ ಎಣಿಸಿಟ್ಟ ಹಾಗೆ, ಆಮೇಲೆ ಹೊಸದು ಹುಟ್ಟುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 1944-45ರ ಬರಗಾಲದಲ್ಲಿ ತಾಯಿ ಹೊಟ್ಟೆಯಲ್ಲಿದ್ದವರಿಗೆ ಐವತ್ತರ ಹೊತ್ತಿಗೆ ರಕ್ತದ ಸಕ್ಕರೆ ಹತೋಟಿ ಕಷ್ಟವಾಗಿತ್ತು. ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ನೋಡಿ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆ ಹಿಡಿದು, ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಜನಕ್ಕೆ ಹೃದಯದ ಕಾಯಿಲೆ, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಶೇ. 3. ಇದು ಸಕ್ಕರೆಯ ಲೆಕ್ಕವಲ್ಲ, ಹೃದಯದ್ದು. ಆದರೂ ಹೊಟ್ಟೆಯಲ್ಲಿದ್ದಾಗಿನ ಬೆಳವಣಿಗೆಗೂ ದೊಡ್ಡವರಾದ ಮೇಲಿನ ಕಾಯಿಲೆಗೂ ನಂಟಿದೆ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಅದಕ್ಕೇ ಹೇಳುತ್ತೇನೆ, ರಾತ್ರಿ ಊಟ ಬಿಡಬೇಡಿ. ಅತ್ತೆಯ ಕಾಳಜಿ ನಿಜವಾದದ್ದು, ಉಪಾಯ ಮಾತ್ರ ಸರಿಯಿಲ್ಲ. ಹಾಗಂತ ಇಬ್ಬರ ಪಾಲು ಊಟವೂ ಬೇಡ. ಬರೀ ಅಕ್ಕಿ ರೊಟ್ಟಿ, ಕಡಂಬುಟ್ಟಿನಿಂದ (ಅಕ್ಕಿ ತರಿಯ ಉಂಡೆ) ಹೊಟ್ಟೆ ತುಂಬುತ್ತದೆ, ಮಗುವಿಗೆ ಸಾಲುವುದಿಲ್ಲ. ಜೊತೆಗೆ ಕಾಳಿನ ಸಾರು, ಸೊಪ್ಪು, ಮೊಟ್ಟೆ, ಮೀನು, ಚೆನ್ನಾಗಿ ಬೆಂದ ಮಾಂಸ ಇರಲಿ. ಮಾಂಸ ತಿನ್ನದವರು ಹಾಲು ಮೊಸರು ಬಿಡಬಾರದು. ಮಾಂಸ, ಮೊಟ್ಟೆ, ಹಾಲಿನಲ್ಲಿ ಸಿಗುವ ಬಿ12 ವಿಟಮಿನ್ ಕಡಿಮೆಯಾದರೆ ಅದೂ ಮಗುವಿಗೆ ತೊಂದರೆ, ಪುಣೆಯ ಅಧ್ಯಯನಗಳು ಇದನ್ನೇ ಹೇಳುತ್ತವೆ.

ತೋಟದ ಮನೆ ಅಂದಿರಲ್ಲ, ಕಾಫಿ ವಿಷಯಕ್ಕೆ ಬರುತ್ತೇನೆ. ಕಬ್ಬಿಣದ ಮಾತ್ರೆ ನುಂಗಿ ಮೇಲೆ ಒಂದು ಲೋಟ ಕಾಫಿ ಕುಡಿದರೆ ಆ ಕಬ್ಬಿಣ ದೇಹಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಎರಡರ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಮಾತ್ರೆಗೆ ನಿಂಬೆ ಪಾನಕ ಒಳ್ಳೆಯದು, ಸಕ್ಕರೆ ಜಾಸ್ತಿ ಹಾಕಬೇಡಿ. ದಿನಕ್ಕೆ ಎರಡು ಸಣ್ಣ ಲೋಟ ಕಾಫಿ ಸಾಕು.

ಆರನೇ ತಿಂಗಳಲ್ಲಿ ನಿಮ್ಮ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ತಾಯಿಗೆ ಸಕ್ಕರೆ ಏರಿದ್ದರೂ ಮಗುವಿಗೆ ಮುಂದೆ ಅಪಾಯ ಹೆಚ್ಚು. ಆ ದಿನ ಅತ್ತೆಯನ್ನೂ ಕರೆದುಕೊಂಡು ಹೋಗಿ. ತಾಯಿ ಕಾರ್ಡಿನಲ್ಲಿ ನರ್ಸ್ ನಿಮ್ಮ ತೂಕ ಬರೆಯುವಾಗ, ಎಷ್ಟು ಏರಬೇಕಿತ್ತು, ಎಷ್ಟು ಏರಿದೆ ಅಂತ ಅತ್ತೆಯೇ ಕೇಳಲಿ.