ಐಕ್ಯದ ಪ್ರಾರ್ಥನೆ ಮತ್ತು ಊಟದ ಪಂಕ್ತಿ

ಮಾನ್ಯ ಸಹೋದರಿಯವರಿಗೆ ವಂದನೆಗಳು.

ತಮ್ಮ ದೀರ್ಘ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳ ಸಾಲದಾದ್ದರಿಂದ, ಇತರ ಓದುಗರ ತಿಳುವಳಿಕೆಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ಉಡುಪಿಯಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಪರಂಪರೆಯ ಸಭೆಗೆ ಸೇರಿದ ತಾವು ಜನವರಿಯ ಕ್ರೈಸ್ತ ಐಕ್ಯ ಸಪ್ತಾಹದ ಪ್ರಾರ್ಥನೆಗೆ ಹೋಗಿ ಕನ್ನಡದಲ್ಲೂ ಕೊಂಕಣಿಯಲ್ಲೂ ಹಾಡಿ ಬಂದಿರಿ. ಆಮೇಲೆ ತಮ್ಮ ಅಣ್ಣನ ಮಗಳ ಮದುವೆ ಕಥೋಲಿಕ ಹುಡುಗನೊಂದಿಗೆ ಆತನ ಇಗರ್ಜಿಯಲ್ಲಿ ನಡೆದಾಗ, ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯ, ಹೊತ್ತಿಗೆ ಹುಡುಗನ ಕಡೆಯವರು ಸಾಲಾಗಿ ಎದ್ದು ಹೋದರು, ತಮ್ಮ ಕಡೆಯವರು ಬೆಂಚಿನಲ್ಲೇ ಕುಳಿತರು. ಒಟ್ಟಿಗೆ ಹಾಡುವವರು ಒಟ್ಟಿಗೆ ಉಣ್ಣಬಾರದೆಂದಾದರೆ ಇದು ಯಾವ ಬಗೆಯ ಐಕ್ಯ ಎಂಬುದು ತಮ್ಮ ಮೊದಲ ಪ್ರಶ್ನೆ. ಕಳೆದ ಸಂಚಿಕೆಯ ದಲಿತ ಕ್ರೈಸ್ತರ ಮೀಸಲಾತಿಯ ಲೇಖನದ ಕುರಿತಾದದ್ದು ಎರಡನೆಯದು. ದೀಕ್ಷಾಸ್ನಾನ ಪಡೆದವರಿಗೆ ಜಾತಿಯಿಲ್ಲವೆಂದು ಸಾರುತ್ತ ಬಂದ ನಾವು ಈಗ ಜಾತಿಯ ಹೆಸರಿನಲ್ಲಿ ಸವಲತ್ತು ಕೇಳಿದರೆ ದೀಕ್ಷಾಸ್ನಾನವನ್ನೇ ಅಲ್ಲಗಳೆದಂತಾಗುವುದಿಲ್ಲವೇ, ಪತ್ರಿಕೆಯು ರಾಜಕೀಯವನ್ನು ಬದಿಗಿಟ್ಟು ನಂಬಿಕೆಯ ವಿಷಯ ಬರೆಯಬಾರದೇ ಎಂದು ತಾವು ಕೇಳಿದ್ದೀರಿ.

ಎರಡೂ ಪ್ರಶ್ನೆಗಳು ಪ್ರಾಮಾಣಿಕವಾದವು. ತಾವು ಅವುಗಳನ್ನು ಬೇರೆ ಬೇರೆಯಾಗಿ ಕೇಳಿದ್ದೀರಿ. ನನ್ನ ಮಟ್ಟಿಗೆ ಅವುಗಳ ಬೇರು ಒಂದೇ.

ಮದುವೆಯ ದಿನ ತಮಗಾದ ನೋವು ಸಣ್ಣದಲ್ಲ, ಆದರೆ ಅದರ ಹಿಂದೆ ಅನಾದರವಿತ್ತೆಂದು ಭಾವಿಸಬೇಡಿ. ಪರಮಪ್ರಸಾದವನ್ನು ಒಟ್ಟಿಗೆ ಸ್ವೀಕರಿಸುವುದೆಂದರೆ ವಿಶ್ವಾಸ, ಸಂಸ್ಕಾರ ಮತ್ತು ಸಭಾಧಿಕಾರ ಈ ಮೂರರಲ್ಲೂ ಒಂದಾಗಿದ್ದೇವೆಂದು ಸಾರುವುದು ಎಂದು ಕಥೋಲಿಕ ಸಭೆ ತಿಳಿಯುತ್ತದೆ. ಆಗದೆ ಉಳಿದ ಐಕ್ಯವನ್ನು ಆಗಿದೆಯೆಂದು ತೋರಿಸಲು ಅದು ಹಿಂಜರಿಯುತ್ತದೆ. ಹಾಗೆಂದು ಮಾತುಕತೆಯೇನೂ ನಿಂತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಕ್ರೈಸ್ತ ಐಕ್ಯದ ಆಜ್ಞಾಪತ್ರವನ್ನು ಹೊರಡಿಸಿದ ಮೇಲೆ ಕಥೋಲಿಕರು ಇತರ ಸಭೆಗಳ ವಿಶ್ವಾಸಿಗಳನ್ನು ಸಹೋದರರೆಂದೇ ಕಾಣುತ್ತ ಬಂದಿದ್ದಾರೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲುಥೆರನ್ ಲೋಕ ಒಕ್ಕೂಟ, ಮನುಷ್ಯನು ದೇವರ ಕೃಪೆಯಿಂದ, ವಿಶ್ವಾಸದ ಮೂಲಕ ನೀತಿವಂತನೆನಿಸುತ್ತಾನೆ ಎಂಬ ಬೋಧನೆಯ ಮೂಲಭೂತ ಸತ್ಯಗಳಲ್ಲಿ ತಮಗೆ ಒಮ್ಮತವಿದೆಯೆಂದು ಸಹಿ ಹಾಕಿದವು; 16ನೆಯ ಶತಮಾನದಲ್ಲಿ ಸಭೆ ಒಡೆದದ್ದು ಮುಖ್ಯವಾಗಿ ಇದೇ ಬೋಧನೆಯ ಮೇಲೆ. ತಮ್ಮ ಸಭೆಯಲ್ಲಿ ತ್ರಿತ್ವದ ಹೆಸರಿನಲ್ಲಿ ನೀರಿನಿಂದ ಆದ ದೀಕ್ಷಾಸ್ನಾನವನ್ನು ಕಥೋಲಿಕ ಸಭೆ ಒಪ್ಪುತ್ತದೆ, ಅದನ್ನು ಮತ್ತೊಮ್ಮೆ ಮಾಡಿಸುವುದಿಲ್ಲ. ಉಳಿದಿರುವ ದೊಡ್ಡ ಗಂಟು ಯಾಜಕಾಭಿಷೇಕದ್ದು, ಅಂದರೆ ಯಾಜಕರನ್ನು ಅಭಿಷೇಕಿಸುವ ಅಧಿಕಾರ ಯಾರದೆಂಬುದು.

ಆ ಗಂಟನ್ನು ತಾಳ್ಮೆಯಿಂದ ಬಿಚ್ಚಿದ ಉದಾಹರಣೆ ನಮ್ಮ ದಕ್ಷಿಣ ಭಾರತದಲ್ಲೇ ಇದೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ, ಬಿಷಪರಿರುವ ಆಂಗ್ಲಿಕನರು, ಬಿಷಪರಿಲ್ಲದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳವರು, ಮೆಥೊಡಿಸ್ಟರು ಎಲ್ಲರನ್ನೂ ಒಳಗೊಂಡು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಗಿ ಫಲಿಸಿತು. ಹಿಂದೆ ಅಭಿಷೇಕವಾಗಿದ್ದ ಯಾವ ಸಭಾಪಾಲಕರಿಗೂ ಮತ್ತೆ ಅಭಿಷೇಕ ಮಾಡಲಿಲ್ಲ. ಮುಂದಿನ ಅಭಿಷೇಕಗಳೆಲ್ಲ ಬಿಷಪರ ಕೈಯಿಂದಲೇ ಆಗಬೇಕೆಂದು ಎಲ್ಲರೂ ಒಪ್ಪಿದರು. ಈ ಕರಾವಳಿಯ ಬಾಸೆಲ್ ಮಿಷನ್ ಮೂಲದ ಸಭೆಗಳು ಬಳಿಕ ಅದರಲ್ಲಿ ಸೇರಿದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಹ ಲುಥೆರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡರ ಜನರನ್ನು ಕೂಡಿಸಿಕೊಂಡೇ ಹುಟ್ಟಿದ ಸಂಸ್ಥೆಯೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ತರಂಗಂಬಾಡಿಯ ಆ ಪ್ರಯತ್ನದ ಮುಂದಾಳುಗಳಲ್ಲಿ ಒಬ್ಬರು ತೆಲುಗು ನಾಡಿನ ದೋರ್ನಕಲ್‌ನ ಬಿಷಪ್ ವಿ. ಎಸ್. ಅಜರಾಯ. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದ ಅವರ ಸಭಾಪ್ರಾಂತ್ಯದಲ್ಲಿ ಮಾಲ ಮತ್ತು ಮಾದಿಗ ಸಮುದಾಯದವರು ಬಹು ದೊಡ್ಡ ಸಂಖ್ಯೆಯಲ್ಲಿ ದೀಕ್ಷಾಸ್ನಾನ ಪಡೆದರು. ಊರ ಹೊರಗೆ ಇರಿಸಲ್ಪಟ್ಟಿದ್ದ ಈ ಜನರ ಮೇಲೆ ಯೂರೋಪಿನ ಹಳೆಯ ಜಗಳಗಳ ಹೆಸರುಗಳನ್ನೂ ಹೇರುವುದು ಅನ್ಯಾಯವೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಐಕ್ಯದ ಕೆಲಸವೂ ಜಾತಿಯ ವಿರುದ್ಧದ ಕೆಲಸವೂ ಅವರ ಜೀವನದಲ್ಲಿ ಒಂದೇ ಆಗಿದ್ದವು. 1945ರಲ್ಲಿ ತೀರಿಕೊಂಡ ಅವರು ಐಕ್ಯದ ದಿನವನ್ನು ಕಾಣಲಿಲ್ಲ.

ತಮ್ಮ ಎರಡನೆಯ ಪ್ರಶ್ನೆ ಇಲ್ಲಿಯೇ ಬಂದು ಸೇರುತ್ತದೆ. ಬೈಬಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ದಯವಿಟ್ಟು ಮತ್ತೊಮ್ಮೆ ನಿಧಾನವಾಗಿ ಓದಿರಿ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ ಕುಳಿತು ಊಟ ಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದೊಡನೆ, ಅವರು ಏನೆಂದುಕೊಳ್ಳುವರೋ ಎಂದು ಹೆದರಿ ಆ ಪಂಕ್ತಿಯಿಂದ ಎದ್ದುಬಿಟ್ಟನು, ಬಾರ್ನಬನೂ ಅವನ ಹಿಂದೆ ಹೋದನು. ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ಆಕ್ಷೇಪಿಸಿದನು. ಮನುಷ್ಯನು ನೀತಿವಂತನೆನಿಸುವುದು ಕ್ರಿಸ್ತನಲ್ಲಿಡುವ ನಂಬಿಕೆಯಿಂದಲೇ ಹೊರತು ಧರ್ಮಶಾಸ್ತ್ರದ ನೇಮಗಳಿಂದಲ್ಲ ಎಂಬ ಮಾತು ಆ ಪತ್ರದಲ್ಲಿ ಬರುವುದು ಈ ಆಕ್ಷೇಪದ ಮುಂದುವರಿಕೆಯಾಗಿಯೇ. ವಿದ್ವಾಂಸರು ವರ್ಷಗಟ್ಟಲೆ ಚರ್ಚಿಸಿದ ಮೇಲೆ ಆಗ್ಸ್‌ಬರ್ಗ್‌ನಲ್ಲಿ ಸಹಿ ಬಿದ್ದ ಬೋಧನೆಯನ್ನು ಪೌಲನು ಆ ಪತ್ರದಲ್ಲಿ ಎತ್ತಿದ್ದು, ಯಾರು ಯಾರ ಜೊತೆ ಕುಳಿತು ಉಣ್ಣಬಹುದೆಂಬ ಜಗಳದ ನಡುವೆ. ಕೊರಿಂಥದಲ್ಲೂ ಕರ್ತನ ಭೋಜನ ಕೆಟ್ಟದ್ದು ಬೋಧನೆಯ ಭೇದದಿಂದಲ್ಲ. ಉಳ್ಳವರು ಮುಂಚೆಯೇ ಉಂಡು ಕುಡಿದು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಹೀಗಿರುವಾಗ ನಂಬಿಕೆಯ ವಿಷಯವೊಂದು, ಸಾಮಾಜಿಕ ವಿಷಯ ಇನ್ನೊಂದು ಎಂದು ಗೆರೆ ಎಳೆಯಲು ನನಗೆ ಸಾಧ್ಯವಾಗುತ್ತಿಲ್ಲ.

ಜಾತಿಯ ಹೆಸರೆತ್ತಿದರೆ ದೀಕ್ಷಾಸ್ನಾನವನ್ನು ಅಲ್ಲಗಳೆದಂತೆ ಎಂಬ ತಮ್ಮ ವಾದಕ್ಕೆ ತೂಕವಿದೆ. ಆದರೆ ಕ್ರಿಸ್ತನಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಇಲ್ಲವೆಂದು ಬರೆದ ಪೌಲನೇ, ಅಂತಿಯೋಕ್ಯದಲ್ಲಿ ಭೇದ ಕಂಡಾಗ ಇಲ್ಲದ್ದರ ಮಾತು ನಮಗೇಕೆ ಎಂದು ಸುಮ್ಮನಿರಲಿಲ್ಲ. ನಮ್ಮ ಕಚೇರಿಗೆ ಬರುವ ವಧೂವರರ ಜಾಹೀರಾತಿನ ಅರ್ಜಿಯಲ್ಲಿ ಹೆಸರು, ವಯಸ್ಸು, ವಿದ್ಯೆ, ಉದ್ಯೋಗ, ಸಭೆ ಎಂಬ ಕಲಮುಗಳಷ್ಟೇ ಇವೆ. ಆದರೂ ಅಂಚಿನಲ್ಲಿ ಪೆನ್ಸಿಲಿನಿಂದ ‘ಬಾಮಣ್ ಮನೆತನದವರಾದರೆ ಮಾತ್ರ’ ಎಂದೋ ‘ಚಾರೊಡಿ’ ಎಂದೋ ಕೊಂಕಣಿ ಕಥೋಲಿಕರ ಹಳೆಯ ಜಾತಿಯ ಹೆಸರು ಬರೆದಿರುತ್ತದೆ, ಅಥವಾ ಚೀಟಿಯೊಂದನ್ನು ಪಿನ್ ಹಾಕಿ ಕಳುಹಿಸಿರುತ್ತಾರೆ. ಅದನ್ನು ನಾವು ಅಚ್ಚು ಹಾಕುವುದಿಲ್ಲ. ತಮ್ಮ ಕಡೆಯವರ ಅರ್ಜಿಗಳಲ್ಲಿ ಪೆನ್ಸಿಲಿನ ಗುರುತು ಕಡಿಮೆ, ಆದರೆ ದೂರವಾಣಿಯಲ್ಲಿ ‘ಮೂಲತಃ ಯಾವ ಪೈಕಿ’ ಎಂದು ಕೇಳುವವರು ಅಲ್ಲಿಯೂ ಇದ್ದಾರೆ. ಜಾತಿ ಬಿಟ್ಟರೆ ಮಾತ್ರ ದೀಕ್ಷಾಸ್ನಾನ ಎಂದು ಪಟ್ಟು ಹಿಡಿದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ, ಕುಲದಿಂದ ಹೊರಬಿದ್ದು ಹೊಟ್ಟೆಪಾಡು ಕಳೆದುಕೊಂಡವರು 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯಲ್ಲೂ ನೇಯ್ಗೆಯ ಮಗ್ಗಗಳಲ್ಲೂ ಒಟ್ಟಿಗೆ ದುಡಿದು ಬದುಕಿದ ಸಭೆಗಳಲ್ಲಿ, ಈ ಪ್ರಶ್ನೆ ಕೇಳಿಬರುವುದು ನನಗೆ ಹೆಚ್ಚು ದುಃಖದ ಸಂಗತಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗೆ ಜಾತಿಭೇದವಿದೆಯೆಂದು ಒಪ್ಪಿಕೊಂಡಿದ್ದಾರೆ. ಅದು ದೀಕ್ಷಾಸ್ನಾನಕ್ಕೆ ಸಲ್ಲಿಸಿದ ಗೌರವವೆಂದೇ ನಾನು ತಿಳಿಯುತ್ತೇನೆ.

ಮೀಸಲಾತಿಯ ವಿಷಯದಲ್ಲಿ ವಸ್ತುಸ್ಥಿತಿ ಇಷ್ಟು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆಯು ಆ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಧರ್ಮದ ಈ ನಿರ್ಬಂಧವನ್ನು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ದಲಿತ ಕುಟುಂಬವೊಂದು ಕ್ರೈಸ್ತವಾದ ಮಾತ್ರಕ್ಕೆ ನೆರೆಹೊರೆಯವರು ಆ ಕುಟುಂಬವನ್ನು ನೋಡುವ ದೃಷ್ಟಿ ಬದಲಾಗುವುದಿಲ್ಲ. ಹಾಗಿರುವಾಗ ಅವರು ಕೇಳುತ್ತಿರುವ ರಕ್ಷಣೆಯನ್ನು, ದೀಕ್ಷಾಸ್ನಾನದ ಹೆಸರು ಹೇಳಿ ಬೇಡವೆನ್ನುವ ಅಧಿಕಾರ ಜಾತಿಯ ನೋವನ್ನು ಉಣ್ಣದ ನಮ್ಮಂಥವರಿಗೆ ಇದೆಯೆಂದು ನನಗನ್ನಿಸುವುದಿಲ್ಲ.

ಯಾಜಕಾಭಿಷೇಕದ ಗಂಟಿಗೆ ದೈವಶಾಸ್ತ್ರದ ಕಾರಣಗಳಿವೆ, ಅದಕ್ಕಾಗಿ ಕಾಯಬಹುದು. ಪೆನ್ಸಿಲಿನಲ್ಲಿ ಬರೆದ ಆ ಸಾಲಿಗೆ ಯಾವ ಮಹಾಸಭೆಯ ತೀರ್ಮಾನವೂ, ಯಾವ ವಿಶ್ವಾಸಪ್ರಮಾಣವೂ ಆಧಾರವಿಲ್ಲ. ಅವರೆಲ್ಲರೂ ಒಂದಾಗಿರಲಿ ಎಂದು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಕರ್ತನು ಪ್ರಾರ್ಥಿಸಿದ್ದು ಲೋಕವು ಕಂಡು ನಂಬುವಂತೆ. ನಮ್ಮ ಐಕ್ಯದ ಭಾಷಣಗಳಿಗಿಂತ ಮೊದಲು ಲೋಕಕ್ಕೆ ಕಾಣುವುದು ನಾವು ಯಾರ ಮನೆಯಲ್ಲಿ ಉಣ್ಣುತ್ತೇವೆ, ಯಾರಿಗೆ ಹೆಣ್ಣು ಕೊಡುತ್ತೇವೆ ಎಂಬುದು.

ಇನ್ನು ಮುಂದಿನ ಜನವರಿಯ ಪ್ರಾರ್ಥನೆಗೆ ಹೋಗಬೇಕೇ ಎಂಬ ತಮ್ಮ ಕೊನೆಯ ಪ್ರಶ್ನೆ. ಖಂಡಿತ ಹೋಗಿ. ಅದಕ್ಕೂ ಮೊದಲು ನವೆಂಬರ್ ತಿಂಗಳ ಎರಡನೆಯ ಭಾನುವಾರ ಬರುತ್ತದೆ. ಅದನ್ನು ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ರಾಷ್ಟ್ರೀಯ ಒಕ್ಕೂಟವೂ ದಲಿತ ವಿಮೋಚನೆಯ ಭಾನುವಾರವಾಗಿ ಆಚರಿಸುತ್ತವೆ. ತಮ್ಮ ಸಭಾಪಾಲಕರೊಡನೆಯೂ ಪಕ್ಕದ ಇಗರ್ಜಿಯ ಫಾದರ್ ಅವರೊಡನೆಯೂ ಈಗಲೇ ಮಾತನಾಡಿ, ಆ ದಿನ ಎರಡೂ ಕಡೆಯ ಆರಾಧನೆಗಳು ಮುಗಿದ ಮೇಲೆ ಸಭಾಭವನದಲ್ಲಿ ಎಲ್ಲರೂ ಕೂಡಿ ಅಡುಗೆ ಮಾಡಿ ಉಣ್ಣುವ ಏರ್ಪಾಡು ಮಾಡಿಸಲು ಸಾಧ್ಯವೇ ನೋಡಿ. ಆ ಊಟಕ್ಕೆ ಯಾವ ಸಭೆಯ ನಿಯಮವೂ ಅಡ್ಡಿಯಿಲ್ಲ.

ಮೀಸಲಾತಿಯ ಲೇಖನದ ಎರಡನೆಯ ಭಾಗ ಮುಂದಿನ ಸಂಚಿಕೆಯಲ್ಲಿ ಬರಲಿದೆ. ಅದನ್ನು ಓದಿದ ಬಳಿಕವೂ ತಮ್ಮ ಅಭಿಪ್ರಾಯ ಇದೇ ಆಗಿದ್ದರೆ ಮತ್ತೆ ಬರೆಯಿರಿ. ಆ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ.

— ಸಂಪಾದಕ, ಮಂಗಳೂರು